ಕಣಿಕಿ ಕಟ್ಟಿದಂಗ ಟ್ರ್ಯಾಕ್ಟರ್ ಕಟ್ಟಬ್ಯಾಡ್ರಿ: ಹಳೇ ಯಂತ್ರವನ್ನು ಟ್ರೇಲರ್ ಮೇಲೆ ಸಾಗಿಸುವ ಬಗೆ

ಹಿಂಗಾರಿ ರಾಶಿ ಮುಗಿದು ಕಡಲಿ, ಜೋಳ ಮನಿ ಸೇರಿದ ಮೇಲೆ ಮುಂಗಾರಿ ಮಳೆ ಬೀಳುವ ತನಕ ನಮ್ಮ ಸವಡಿ ಕಡೆ ರಿಪೇರಿ ಕಾಲ. ಹಿತ್ತಲದಾಗ ವರ್ಷಗಟ್ಟಲೆ ನಿಂತ ಹಳೇ ಟ್ರ್ಯಾಕ್ಟರ್, ತಗಡಿನ ಶೆಡ್ಡಿನಲ್ಲಿ ಧೂಳು ಹೊದ್ದ ಅಜ್ಜನ ಕಾಲದ ಜೀಪು, ಎಲ್ಲವೂ ನೆನಪಾಗುವುದು ಆಗಲೇ. ಇತ್ತೀಚೆಗೆ ಹುಡುಗರಲ್ಲಿ ಇದೊಂದು ಹುರುಪು ಶುರುವಾಗಿದೆ. ಯೂಟ್ಯೂಬಿನಲ್ಲಿ ಹಳೇ ಗಾಡಿ ಹೊಸದಾಗಿಸುವ ವಿಡಿಯೊ ನೋಡುತ್ತಾರೆ, ಮನೆಯಲ್ಲಿರುವ ಹಳೇ ಎಚ್‌ಎಂಟಿಯನ್ನೂ ಹಾಗೇ ಮಾಡಬೇಕು ಅನ್ನಿಸುತ್ತದೆ. ಒಳ್ಳೆಯದೇ. ಆದರೆ ಮೆಕ್ಯಾನಿಕ್ ಇರುವುದು ಗದಗಿನಲ್ಲೋ ಹುಬ್ಬಳ್ಳಿಯಲ್ಲೋ, ಯಂತ್ರ ಇರುವುದು ಊರಿನಲ್ಲಿ. ಎಂಜಿನ್ ಚಾಲೂ ಆಗುವುದಿಲ್ಲ, ಬ್ರೇಕ್ ಹಿಡಿಯುವುದಿಲ್ಲ, ಆರ್‌ಸಿ ಅವಧಿ ಮುಗಿದಿರುತ್ತದೆ. ಹೀಗಾಗಿ ಟ್ರೇಲರ್ ಮೇಲೆ ಹೇರಿಕೊಂಡು ಹೋಗುವುದೊಂದೇ ದಾರಿ.

ಜೀವಾಮೃತ, ಎರೆಗೊಬ್ಬರ, ದಾಳಿಂಬೆ ಅಂತ ಬರೆಯುವವ ಈ ವಾರ ಹಗ್ಗ, ಚೈನಿನ ಬಗ್ಗೆ ಯಾಕೆ ಬರೀತಾನ ಅನ್ನಬಹುದು. ಕಾರಣ ಸರಳ. ಹೇರುವ ಹೊತ್ತಿಗೆ ಸುತ್ತ ನಿಂತ ಹಿರಿಯರು ಹೇಳುವ ಮಾತು ಒಂದೇ: "ಏ ತಮ್ಮಾ, ಕಣಿಕಿ ಕಟ್ಟಿದಂಗ ಬಿಗದು ಕಟ್ಟು, ಎಲ್ಲೂ ಹೋಗಾಂಗಿಲ್ಲ." ಹೋಗುತ್ತದೆ. ಅದು ಯಾಕೆ ಹೋಗುತ್ತದೆ ಅನ್ನುವುದನ್ನು ತಿಳಿದುಕೊಂಡರೆ ಹೇಗೆ ಕಟ್ಟಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಕಣಿಕಿಗೂ ಟ್ರ್ಯಾಕ್ಟರಿಗೂ ಏನು ವ್ಯತ್ಯಾಸ

ಕಣಿಕಿ ಹೇರು ತನ್ನ ಭಾರದಿಂದಲೇ ಕೂರುತ್ತದೆ. ಸಿವುಡಿಗೆ ಸಿವುಡು ಸಿಕ್ಕಿಕೊಂಡಿರುತ್ತದೆ. ಮೇಲಿಂದ ಹಗ್ಗ ಹಾಕಿ ಜಗ್ಗಿದರೆ ಎಲ್ಲ ಒತ್ತಿ ಒಂದೇ ಗಡ್ಡೆಯಾಗುತ್ತದೆ. ಅಲ್ಲಿ ಹಗ್ಗದ ಕೆಲಸ ಮೇಲಿಂದ ಕೆಳಗೆ ಒತ್ತುವುದು ಅಷ್ಟೇ. ಟ್ರ್ಯಾಕ್ಟರ್ ಇಲ್ಲವೆ ಜೀಪು ಗಾಲಿ ಮೇಲೆ ನಿಂತ ವಸ್ತು, ಉರುಳುವುದಕ್ಕೇ ಮಾಡಿದ್ದು. ಬಾನೆಟ್ ಮೇಲಿಂದ ಹಗ್ಗ ಹಾಯಿಸಿ ಎಷ್ಟೇ ಬಿಗಿದರೂ, ಮುಂದೆ ಎಮ್ಮೆ ಅಡ್ಡ ಬಂದು ಬ್ರೇಕ್ ಒತ್ತಿದಾಗ ಆ ಹಗ್ಗ ಮುಂದಕ್ಕೆ ಹೋಗುವ ಯಂತ್ರವನ್ನು ಹಿಡಿಯುವುದಿಲ್ಲ. ಹಗ್ಗವೇ ಯಂತ್ರದ ಜತೆ ಮುಂದಕ್ಕೆ ವಾಲುತ್ತದೆ, ಸಡಿಲಾಗುತ್ತದೆ.

ಎಷ್ಟು ಬಲ ಬೀಳುತ್ತದೆ ಅನ್ನುವುದಕ್ಕೆ ಲೆಕ್ಕ ಇದೆ. ಅಮೆರಿಕದ ಸರಕು ಸಾಗಣೆ ನಿಯಮವೂ ಯುರೋಪಿನ ಮಾನದಂಡವೂ ಹತ್ತಿರ ಹತ್ತಿರ ಒಂದೇ ಮಾತು ಹೇಳುತ್ತವೆ: ಕಟ್ಟಿದ್ದು ಮುಂದಿನ ದಿಕ್ಕಿಗೆ ಯಂತ್ರದ ತೂಕದ 0.8 ಪಾಲು, ಹಿಂದಕ್ಕೆ ಮತ್ತು ಪಕ್ಕಕ್ಕೆ ಅರ್ಧ ಪಾಲು ಬಲವನ್ನು ತಡೆಯಬೇಕು. ನಿಮ್ಮ ಟ್ರ್ಯಾಕ್ಟರ್ 1,800 ಕಿಲೋ ಇದೆ ಅನ್ನಿ. ಜೋರಾಗಿ ಬ್ರೇಕ್ ಒತ್ತಿದರೆ 1,440 ಕಿಲೋ ತೂಕದಷ್ಟು ಬಲ ಅದನ್ನು ಮುಂದಕ್ಕೆ ನೂಕುತ್ತದೆ. ಮುಂದೆ ಇರುವವರು ಯಾರು? ಎಳೆಯುವ ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತ ನೀವು. ಟ್ರೇಲರಿನ ಮುಂದಿನ ತಗಡು ಕಾಳಿನ ಚೀಲ ತಡೆಯಲಿಕ್ಕೆ ಮಾಡಿದ್ದು, ಎರಡು ಟನ್ ಕಬ್ಬಿಣ ತಡೆಯಲಿಕ್ಕಲ್ಲ.

ತೂಕ ಗೊತ್ತಿಲ್ಲದಿದ್ದರೆ ಆರ್‌ಸಿಯಲ್ಲಿ ಖಾಲಿ ವಾಹನದ ತೂಕ ಎಂದು ಕಿಲೋದಲ್ಲಿ ಬರೆದಿರುತ್ತದೆ, ನೋಡಿ. ಪವರ್ ಟಿಲ್ಲರ್ ಸುಮಾರು 400 ಕಿಲೋ ಇರುತ್ತದೆ. ಹಳೇ ಜೀಪು ಒಂದು ಟನ್ನಿನ ಮೇಲೆಯೇ.

ಅಳತೆ ಮೊದಲು, ಹೇರುವುದು ಆಮೇಲೆ

ಟೇಪ್ ಹಿಡಿಯಿರಿ. ಟ್ರೇಲರಿನ ಒಳ ಅಗಲ, ಒಳ ಉದ್ದ, ಟ್ರ್ಯಾಕ್ಟರಿನ ಹಿಂದಿನ ಟೈರುಗಳ ಹೊರ ಅಂಚಿನ ಅಗಲ. ನಾಲ್ಕೂ ಗಾಲಿ ತಳದ ಮೇಲೆ ಪೂರ್ತಿ ಕೂರದಿದ್ದರೆ ಆ ಕೆಲಸ ನಿಮ್ಮ ಟ್ರೇಲರಿನದಲ್ಲ, ಉದ್ದ ಬಾಡಿಯ ಲಾರಿ ಬಾಡಿಗೆ ಹಿಡಿಯಿರಿ. ಪಕ್ಕದ ಬಾಗಿಲು ಇಳಿಬಿಟ್ಟು, ಗಾಲಿ ಹೊರಚಾಚಿ ಹೋಗುವುದು ಅಪಾಯ. ಕಾನೂನಿನಲ್ಲೂ ದುಬಾರಿ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಪ್ರಕಾರ ಸರಕು ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಎತ್ತರಕ್ಕೆ ಮಿತಿ ಮೀರಿ ಚಾಚಿದರೆ 20,000 ರೂಪಾಯಿ ದಂಡ. ರಿಪೇರಿ ದುಡ್ಡೆಲ್ಲ ಅಲ್ಲೇ ಹೋಗುತ್ತದೆ.

ಇನ್ನು ಮುಖ ಯಾವ ಕಡೆ? ಇದನ್ನು ಯಾರೂ ಯೋಚಿಸುವುದಿಲ್ಲ. ಟ್ರ್ಯಾಕ್ಟರಿನ ತೂಕದ ಹೆಚ್ಚಿನ ಪಾಲು, ಅಂದಾಜು ನೂರಕ್ಕೆ 60, ಹಿಂದಿನ ಗಾಲಿಗಳ ಮೇಲಿರುತ್ತದೆ. ಎರಡು ಗಾಲಿಯ ಟ್ರೇಲರಿನಲ್ಲಿ ಅಚ್ಚು ನಡುವಿಗಿಂತ ಸ್ವಲ್ಪ ಹಿಂದೆ ಇರುತ್ತದೆ. ಮುಖ ಮುಂದೆ ಮಾಡಿ ಹೇರಿದರೆ ಭಾರದ ಭಾಗ ಅಚ್ಚಿನ ಹಿಂದಕ್ಕೆ ಬೀಳಬಹುದು. ಆಗ ಟ್ರೇಲರಿನ ಹಿಂಭಾಗ ಕುಸಿದು ಡ್ರಾಬಾರ್ ಮೇಲಕ್ಕೆ ಎತ್ತುತ್ತದೆ, ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಹಿಡಿತ ತಪ್ಪುತ್ತದೆ, ಇಳುಕಲಿನಲ್ಲಿ ಟ್ರೇಲರ್ ಬಾಲ ಆಡಿಸುತ್ತದೆ. ಆದ್ದರಿಂದ ಟ್ರ್ಯಾಕ್ಟರನ್ನು ರಿವರ್ಸ್‌ನಲ್ಲಿ ಹತ್ತಿಸಿ, ದೊಡ್ಡ ಗಾಲಿ ಡ್ರಾಬಾರ್ ಕಡೆ ಬರಲಿ. ರಿವರ್ಸ್‌ಗೆ ಇನ್ನೊಂದು ಲಾಭವೂ ಇದೆ: ಏರಿನಲ್ಲಿ ಮುಂದಿನ ಗಾಲಿ ಎತ್ತಿ ಹಿಂದಕ್ಕೆ ಪಲ್ಟಿ ಹೊಡೆಯುವ ಭಯ ಕಡಿಮೆ. ಜೀಪಿನದು ಉಲ್ಟಾ, ಎಂಜಿನ್ ಭಾರ ಮುಂದಿದೆ. ಅದು ಮುಖ ಮುಂದೆ ಮಾಡಿಯೇ ಹತ್ತಲಿ.

ಹಂಗಂತ ಎಲ್ಲ ಭಾರವನ್ನೂ ಡ್ರಾಬಾರ್ ಮೇಲೆ ಹಾಕಿದರೆ ಎಳೆಯುವ ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಹತ್ತಿಸಿದ ಮೇಲೆ ದೂರ ನಿಂತು ನೋಡಿ. ಟ್ರೇಲರ್ ಸಮವಾಗಿ, ಮುಂದಕ್ಕೆ ಕೂದಲೆಳೆಯಷ್ಟು ವಾಲಿದಂತೆ ಕಂಡರೆ ಸರಿ.

ಹತ್ತಿಸುವ ಜಾಗ

ಕಬ್ಬಿಣದ ರ‍್ಯಾಂಪ್ ಎಲ್ಲರ ಹತ್ತಿರ ಇರುವುದಿಲ್ಲ. ಊರಲ್ಲಿ ಇದಕ್ಕೆ ಅಗ್ಗದ ಉಪಾಯ ಮೊದಲಿಂದಲೂ ಇದೆ: ಹೊಲದ ಒಡ್ಡು ಇಲ್ಲವೆ ರಸ್ತೆ ಬದಿಯ ದಿಬ್ಬ. ಟ್ರೇಲರನ್ನು ತಗ್ಗಿನಲ್ಲಿ ಹಿಂದಕ್ಕೆ ತಂದು ದಿಬ್ಬಕ್ಕೆ ಒತ್ತಿ ನಿಲ್ಲಿಸಿದರೆ ತಳ, ನೆಲ ಒಂದೇ ಮಟ್ಟ. ನಡುವಿನ ಸಂದಿಗೆ ದಪ್ಪ ಹಲಗೆ. ನನ್ನ ಪ್ರಕಾರ ಯಾವ ರ‍್ಯಾಂಪಿಗಿಂತಲೂ ಇದೇ ಮೇಲು. ರ‍್ಯಾಂಪ್ ಹಾಕುವುದೇ ಆದರೆ ತಳದ ಎತ್ತರದ ಮೂರು ಪಟ್ಟಾದರೂ ಉದ್ದ ಇರಲಿ. ತಳ 3 ಅಡಿ ಎತ್ತರ ಇದ್ದರೆ ಹಲಗೆ 9 ಅಡಿಗೆ ಕಡಿಮೆ ಬೇಡ. ಅದಕ್ಕಿಂತ ಗಿಡ್ಡದ್ದು ಏರಲ್ಲ, ಗೋಡೆ.

ಎರಡು ಮಾತು ಗಟ್ಟಿಯಾಗಿ ನೆನಪಿಡಿ. ಒಂದು, ಹತ್ತಿಸುವಾಗ ಟ್ರೇಲರ್ ಎಳೆಯುವ ಟ್ರ್ಯಾಕ್ಟರಿಗೆ ಪಿನ್ ಹಾಕಿ ಸಿಕ್ಕಿಸಿಯೇ ಇರಬೇಕು, ಟ್ರೇಲರಿನ ಹಿಂಭಾಗದ ಕೆಳಗೆ ಎರಡೂ ಮೂಲೆಗೆ ದಪ್ಪ ಮರದ ತುಂಡು ಆನಿಕೆ ಕೊಟ್ಟಿರಬೇಕು. ಯಂತ್ರದ ಭಾರ ಮೊದಲು ಬೀಳುವುದು ಹಿಂದಿನ ಅಂಚಿನ ಮೇಲೆ. ಆನಿಕೆ ಇಲ್ಲದಿದ್ದರೆ ಟ್ರೇಲರ್ ತಕ್ಕಡಿಯಂತೆ ಎದ್ದು ಡ್ರಾಬಾರ್ ಮೇಲಕ್ಕೆ ಹೊಡೆಯುತ್ತದೆ. ಎರಡು, ಟಿಪ್ಪಿಂಗ್ ಟ್ರೇಲರ್ ಆಗಿದ್ದರೆ ತಳ ಮೇಲೇಳದಂತೆ ಲಾಕ್ ಹಾಕಿದೆಯೋ ನೋಡಿ.

ಚಾಲೂ ಆಗದ ಯಂತ್ರವಾದರೆ ನಿಧಾನಕ್ಕೆ ಎಳೆಯಬೇಕು. ಹತ್ತು ಜನ ಸೇರಿ "ಹೈಸಾ" ಅಂತ ನೂಕುವುದು ನೋಡಲಿಕ್ಕೆ ಚೆಂದ, ಆದರೆ ಅರ್ಧ ಏರಿನಲ್ಲಿ ಇಬ್ಬರ ಕೈ ಜಾರಿದರೆ ಉಳಿದವರ ಗತಿ ಏನು? ಎಳೆಯುವುದಕ್ಕೆಂದೇ ಮಾಡಿದ ಕೈವಿಂಚ್ ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಅದು ಹಲ್ಲಿನಿಂದ ಹಲ್ಲಿಗೆ ಹಿಡಿದುಕೊಳ್ಳುತ್ತ ಹೋಗುತ್ತದೆ, ಬಿಟ್ಟರೂ ಹಿಂದೆ ಬರುವುದಿಲ್ಲ. ಒಬ್ಬ ಪಕ್ಕದಲ್ಲಿ ನಡೆಯುತ್ತ ಉದ್ದ ಕೋಲಿನಿಂದ ಗಾಲಿ ಹಿಂದೆ ಬೆಣೆ ಸರಿಸುತ್ತ ಬರಲಿ. ಯಂತ್ರದ ನೇರ ಹಿಂದೆಯಾಗಲಿ, ಎಳೆಯುವ ತಂತಿಯ ನೇರಕ್ಕಾಗಲಿ ಯಾರೂ ನಿಲ್ಲಬಾರದು. ಮೊಬೈಲ್ ಹಿಡಿದು ರೀಲ್ಸ್ ಮಾಡುವವರಿಗೂ ಇದೇ ಮಾತು.

ನಮ್ಮದು ಎರಿ ಮಣ್ಣು. ಒಣಗಿದಾಗ ಕಲ್ಲು, ಹಸಿಯಾದಾಗ ಸಾಬೂನು. ತಳದ ಮೇಲೆ, ಟೈರಿನ ಹಲ್ಲಿನಲ್ಲಿ ಅಂಟಿದ ಎರಿ ಮಣ್ಣನ್ನು ಹತ್ತಿಸುವ ಮುಂಚೆಯೇ ಕೆತ್ತಿ ತೆಗೆಯಿರಿ. ಟೈರಿಗೂ ತಳಕ್ಕೂ ಇರುವ ಹಿಡಿತವೇ ನಿಮ್ಮ ಮೊದಲ ಹಗ್ಗ ಇದ್ದಂತೆ. ಒಂದು ಹನಿ ಮಳೆ ಬಿದ್ದರೆ ಆ ಹಿಡಿತ ಹೋಯಿತು.

ಎಲ್ಲಿಗೆ ಕಟ್ಟಬೇಕು

ನಾಲ್ಕು ಮೂಲೆ, ನಾಲ್ಕು ಕಟ್ಟು, ನಾಲ್ಕೂ ಬೇರೆ ಬೇರೆ. ಒಂದೇ ಉದ್ದ ಹಗ್ಗವನ್ನು ಸುತ್ತಿ ಸುತ್ತಿ ಕಟ್ಟಿದರೆ ಒಂದು ಕಡೆ ಕಡಿದಾಗ ನಾಲ್ಕೂ ಕಡೆ ಸಡಿಲು.

ಟ್ರ್ಯಾಕ್ಟರಿನಲ್ಲಿ ಕಟ್ಟಲು ಗಟ್ಟಿ ಜಾಗ ಎಂದರೆ ಹಿಂದಿನ ಅಚ್ಚಿನ ಎರಕದ ಕವಚ ಮತ್ತು ಮುಂದಿನ ಅಚ್ಚಿನ ತೊಲೆ. ಸ್ಟಿಯರಿಂಗ್ ರಾಡು, ಹೈಡ್ರಾಲಿಕ್ ಪೈಪು, ಪಿಟಿಒ ಶಾಫ್ಟು, ಮಡ್‌ಗಾರ್ಡು, ಸೈಲೆನ್ಸರ್, ಬಂಪರಿನ ತಗಡು, ಇವು ಯಾವುವೂ ಕಟ್ಟುವ ಜಾಗಗಳಲ್ಲ. ಹಳೇ ಯಂತ್ರದಲ್ಲಂತೂ ಇದು ಇನ್ನೂ ಮುಖ್ಯ. ಎಚ್‌ಎಂಟಿ ಕಂಪನಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಕ್ ದೇಶದ ಝೆಟರ್ 2511 ಮಾದರಿಯ 25 ಎಚ್‌ಪಿ ಟ್ರ್ಯಾಕ್ಟರ್ ಮಾಡಲು ಶುರು ಮಾಡಿತು. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗವನ್ನೇ ಮುಚ್ಚಲು ತೀರ್ಮಾನಿಸಿತು. ಸ್ಟಿಯರಿಂಗ್ ರಾಡು ಬಾಗಿದರೆ ಷೋರೂಮಿಗೆ ಹೋಗಿ ಹೊಸದು ತರುವ ಕಾಲ ಮುಗಿದಿದೆ, ಗುಜರಿ ಅಂಗಡಿ ಹುಡುಕಬೇಕು. ಅಂಬಾಸಿಡರ್ ಕಾರಿನದೂ ಅದೇ ಕಥೆ, ಅದರ ತಯಾರಿಕೆ ನಿಂತದ್ದು 2014ರಲ್ಲಿ. ಸಾಗಿಸುವಾಗ ಮುರಿದದ್ದು ಸಿಗದೇ ಹೋದರೆ ಹೊಸದಾಗಿಸುವ ಕನಸು ಅಲ್ಲಿಗೇ ನಿಲ್ಲುತ್ತದೆ.

ಜೀಪು, ಕಾರಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಸ್ಪ್ರಿಂಗು. ಚಾಸಿಗೆ ಬೆಲ್ಟ್ ಕಟ್ಟಿದಿರಿ ಅನ್ನಿ. ರಸ್ತೆಯ ತಗ್ಗಿಗೆ ಬಿದ್ದಾಗ ಸ್ಪ್ರಿಂಗ್ ಕುಗ್ಗಿ ಚಾಸಿ ಕೆಳಗಿಳಿಯುತ್ತದೆ, ಬೆಲ್ಟ್ ಸಡಿಲಾಗಿ ಕೊಕ್ಕೆ ಕಳಚಬಹುದು, ಮರುಕ್ಷಣ ಚಾಸಿ ಮೇಲೆದ್ದು ಬೆಲ್ಟಿಗೆ ಜಗ್ಗು ಹೊಡೆಯುತ್ತದೆ. ನಮ್ಮ ರಸ್ತೆಯಲ್ಲಿ ಇದು ನಿಮಿಷಕ್ಕೆ ಹತ್ತು ಸಲ. ಅದರ ಬದಲು ಅಚ್ಚಿಗೇ ಕಟ್ಟಿದರೆ ಗಾಲಿ ತಳಕ್ಕೆ ಅಂಟಿಕೊಂಡಿರುತ್ತದೆ, ಮೇಲಿನ ಬಾಡಿ ತನ್ನ ಸ್ಪ್ರಿಂಗ್ ಮೇಲೆ ತಾನು ಕುಣಿಯಲಿ, ಕಟ್ಟಿಗೆ ಏನೂ ಆಗುವುದಿಲ್ಲ. ಕಟ್ಟುವಾಗ ಬ್ರೇಕಿನ ಸಣ್ಣ ಪೈಪು ಬೆಲ್ಟಿನ ಕೆಳಗೆ ಸಿಕ್ಕಿದೆಯಾ ನೋಡಿ. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಸ್ಪ್ರಿಂಗ್ ಇಲ್ಲ. ಆದರೆ ದೊಡ್ಡ ಟೈರೇ ಚೆಂಡಿನಂತೆ ಪುಟಿಯುತ್ತದೆ, ಹೀಗಾಗಿ ಟೈರು ತುಸು ಅದುಮುವಷ್ಟು ಕೆಳಕ್ಕೆ ಬಿಗಿಯಬೇಕು.

ಕೋನ ಹೇಗಿರಬೇಕು? ಅಚ್ಚಿನಿಂದ ಬೆಲ್ಟು ಕೆಳಕ್ಕೆ, ಉದ್ದಕ್ಕೆ, ಪಕ್ಕಕ್ಕೆ ಮೂರೂ ದಿಕ್ಕಿಗೆ ಓರೆಯಾಗಿ ಹೋಗಬೇಕು, ಅಂದಾಜು 45 ಡಿಗ್ರಿ. ಡ್ರಾಬಾರ್ ಕಡೆಯ ಎರಡು ಕಟ್ಟು ಯಂತ್ರ ಹಿಂದೆ ಹೋಗದಂತೆ, ಬಾಲದ ಕಡೆಯ ಎರಡು ಮುಂದೆ ಹೋಗದಂತೆ ತಡೆಯುತ್ತವೆ. ಪವರ್ ಟಿಲ್ಲರಿನಂತಹ ಸಣ್ಣ ಯಂತ್ರ ಟ್ರೇಲರಿಗಿಂತ ಬಹಳ ಕಿರಿದು, ಕಟ್ಟು ಹೊರಕ್ಕೆ ಹರಡಿಕೊಂಡು ಹೋಗುತ್ತದೆ. ಟ್ರ್ಯಾಕ್ಟರ್ ಹೆಚ್ಚುಕಡಿಮೆ ಟ್ರೇಲರಿನಷ್ಟೇ ಅಗಲ, ಹೊರಕ್ಕೆ ಹರಡಲು ಜಾಗವೇ ಇಲ್ಲ. ಆಗ ಕತ್ತರಿ ಹಾಕಿ: ಅಚ್ಚಿನ ಎಡದಿಂದ ಟ್ರೇಲರಿನ ಬಲಕ್ಕೆ, ಬಲದಿಂದ ಎಡಕ್ಕೆ.

ಈಗ ಟ್ರೇಲರಿನ ಕಡೆ ನೋಡಿ. ಹೊರಗಡೆ ಹಗ್ಗ ಸುತ್ತಲಿಕ್ಕೆ ಸಣ್ಣ ಸರಳಿನ ಕೊಕ್ಕೆ ಬೆಸೆದಿರುತ್ತಾರಲ್ಲ, ಅವು ಚೀಲಕ್ಕೆ, ಕಣಿಕಿಗೆ ಸಾಕು. ಒಂದು ಟನ್ ಜಗ್ಗಿದರೆ ನೆಟ್ಟಗಾಗುತ್ತವೆ. ನಾನು ನನ್ನ ಟ್ರೇಲರಿಗೆ ನಾಲ್ಕು ಮೂಲೆಯಲ್ಲಿ ದಪ್ಪ ಡಿ ರಿಂಗ್ ಬೆಸೆಸಿದ್ದೇನೆ, ತಳದ ತಗಡಿಗಲ್ಲ, ಕೆಳಗಿನ ಚಾನಲ್ಲಿಗೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಮಧ್ಯಾಹ್ನದ ಕೆಲಸ. ಈ ಲೇಖನದಲ್ಲಿ ಒಂದೇ ಒಂದು ಖರ್ಚು ಮಾಡುತ್ತೀರಿ ಅನ್ನುವುದಾದರೆ ಇದನ್ನೇ ಮಾಡಿ.

ಹಗ್ಗ, ಬೆಲ್ಟ್, ಚೈನ್

ಪುಂಡಿ ಹಗ್ಗ, ಪ್ಲಾಸ್ಟಿಕ್ ಹಗ್ಗ ಈ ಕೆಲಸಕ್ಕೆ ಬೇಡವೇ ಬೇಡ. ನೈಲಾನ್ ಹಗ್ಗ ಗಟ್ಟಿ ಇದೆ, ಆದರೆ ಹಿಗ್ಗುತ್ತದೆ. ಮೇಲಾಗಿ ಗಂಟು ಹಾಕಿದ ಕೂಡಲೇ ಹಗ್ಗದ ಕಸುವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಲಾರಿಯವರು ಬಳಸುವ ರ‍್ಯಾಚೆಟ್ ಬೆಲ್ಟ್, 50 ಮಿ.ಮೀ. ಅಗಲದ್ದು, ನಾಲ್ಕು ತಂದಿಟ್ಟುಕೊಳ್ಳಿ. ನಾಲ್ಕೈದು ಜನ ಗೆಳೆಯರು ಸೇರಿ ಒಂದು ಸೆಟ್ ತಂದರೂ ಆದೀತು, ದಿನಾ ಬೇಕಾಗುವ ವಸ್ತುವಲ್ಲ.

ಕೊಳ್ಳುವಾಗ ಒಂದು ಮೋಸ ಗಮನಿಸಿ. ಪ್ಯಾಕೆಟ್ ಮೇಲೆ ದೊಡ್ಡದಾಗಿ "5 ಟನ್" ಅಂತ ಬರೆದಿರುತ್ತದೆ. ಅದು ಬಹಳ ಸಲ ಬೆಲ್ಟ್ ಹರಿಯುವ ತೂಕ. ನಾವು ನೋಡಬೇಕಾದದ್ದು ಬೆಲ್ಟಿಗೇ ಹೊಲಿದ ಸಣ್ಣ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎಲ್‌ಸಿ ಇಲ್ಲವೆ ಡಬ್ಲ್ಯುಎಲ್ಎಲ್ ಎಂಬ ಅಕ್ಷರದ ಮುಂದಿನ ಅಂಕಿ. ಅದು ಸುರಕ್ಷಿತವಾಗಿ ಹೊರುವ ಮಿತಿ. ಎಲ್‌ಸಿ ಮುಂದೆ ಡೆಕಾನ್ಯೂಟನ್ ಎಂಬ ಅಳತೆ ಇರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ, ಒಂದು ಡೆಕಾನ್ಯೂಟನ್ ಹತ್ತಿರ ಹತ್ತಿರ ಒಂದು ಕಿಲೋ ತೂಕದ ಬಲ. ಚೀಟಿಯೇ ಇಲ್ಲದ ಬೆಲ್ಟನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಈಗ ಮೊದಲಿನ ಲೆಕ್ಕಕ್ಕೆ ಬರೋಣ. 1,800 ಕಿಲೋ ಟ್ರ್ಯಾಕ್ಟರಿಗೆ ಮುಂದಕ್ಕೆ ತಡೆಯಬೇಕಾದದ್ದು 1,440. ಬೆಲ್ಟ್ ಓರೆಯಾಗಿ ಹೋಗುವುದರಿಂದ ಅದರ ಪೂರ್ತಿ ಶಕ್ತಿ ಒಂದೇ ದಿಕ್ಕಿಗೆ ಸಿಗುವುದಿಲ್ಲ. ಕೆಳಕ್ಕೂ ಪಕ್ಕಕ್ಕೂ 45 ಡಿಗ್ರಿ ಇದ್ದರೆ ಮುಂದಿನ ದಿಕ್ಕಿಗೆ ಸಿಗುವುದು ಸರಿಯಾಗಿ ಅರ್ಧ. ಚೀಟಿಯಲ್ಲಿ 2,500 ಇದ್ದರೆ ಒಂದಕ್ಕೆ 1,250, ಬಾಲದ ಕಡೆಯ ಎರಡಕ್ಕೆ 2,500. ಸಾಕು. ಬೈಕ್ ಕಟ್ಟುವ ಸಣ್ಣ ಬೆಲ್ಟ್, ಚೀಟಿಯಲ್ಲಿ 500 ಇರುವಂಥದ್ದು, ಎರಡು ಹಾಕಿದರೆ ಸಿಗುವುದು 500. ಬೇಕಾದ್ದು 1,440. ಹಾಗಾದರೆ ಏನಾಗುತ್ತದೆ ಎಂದು ನೀವೇ ನೋಡಿಕೊಳ್ಳಿ.

ಅಂಚು ಚೂಪಾದ ಕಬ್ಬಿಣಕ್ಕೆ ಬೆಲ್ಟ್ ತಾಗುವ ಕಡೆ ಹಳೇ ಟ್ಯೂಬಿನ ತುಂಡು ಸುತ್ತಿ. ಅಂಚಿನಲ್ಲಿ ಹರಿದ, ಬಿಸಿಲಿಗೆ ಬೆಳ್ಳಗಾದ ಬೆಲ್ಟ್ ಎಸೆಯಿರಿ. ಎರಡು ಟನ್ ದಾಟಿದ ಯಂತ್ರಕ್ಕೆ ಚೈನ್ ಮತ್ತು ಅದನ್ನು ಬಿಗಿಯುವ ಬೈಂಡರ್ ಮೇಲು. ಬಾವಿಗೆ ಕೊಡ ಬಿಡುವ ಸಪೂರ ಚೈನ್ ಅಲ್ಲ, ಮಿತಿಯ ಅಂಕಿ ಇರುವ ಚೈನ್.

ಬೆಲ್ಟ್ ಹಾಕುವ ಮುಂಚೆ ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿ ನಿಲ್ಲಿಸಿ, ಲಿಫ್ಟ್ ತೋಳು ಕೆಳಗಿಳಿಸಿ. ಗಾಲಿಗೆ ಕಲ್ಲು ಕೊಡುವ ರೂಢಿ ಬಿಡಿ, ಕಬ್ಬಿಣದ ತಳದ ಮೇಲೆ ಕಲ್ಲೂ ಜಾರುತ್ತದೆ. ಮರದ ಬೆಣೆ ಮಾಡಿ, ಅವು ಸರಿಯದಂತೆ ಅಡ್ಡಪಟ್ಟಿ ಕೊಡಿ. ಬ್ಯಾಟರಿಯ ಒಂದು ತಂತಿ ಕಳಚಿ, ಡೀಸೆಲ್ ಕಾಕ್ ಮುಚ್ಚಿ. ಹಳೇ ಬಾನೆಟ್ಟಿನ ಕ್ಲಿಪ್ ನಂಬಬೇಡಿ, ಅದಕ್ಕೆ ಬೇರೆ ಸಣ್ಣ ಹಗ್ಗ. ಜೀಪಿನ ಟಾರ್ಪಾಲಿನ್ ಬಿಚ್ಚಿ ಮಡಚಿಡಿ, ಗಾಳಿಗೆ ಅದು ಹಾಯಿಯಾಗುತ್ತದೆ. ಹೊಸ ಟರ್ಬೊ ಎಂಜಿನ್ ಟ್ರ್ಯಾಕ್ಟರ್ ಸಾಗಿಸುವುದಾದರೆ ಸೈಲೆನ್ಸರ್ ಬಾಯಿ ಕಟ್ಟಿ. ಗಾಳಿಗೆ ಟರ್ಬೊ ಎಣ್ಣೆಯಿಲ್ಲದೆ ತಿರುಗಿ ಸವೆಯುತ್ತದೆ.

ರಸ್ತೆ ಮೇಲೆ

ನಮ್ಮ ಬಹುಪಾಲು ಟ್ರೇಲರುಗಳಿಗೆ ಬ್ರೇಕ್ ಇಲ್ಲ. ಇಡೀ ಭಾರ ನಿಲ್ಲಿಸುವುದು ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿ. ಆದ್ದರಿಂದ ಎಡಬಲ ಬ್ರೇಕ್ ಪೆಡಲ್ ಎರಡನ್ನೂ ಕೂಡಿಸುವ ಲಾಕ್ ಹಾಕದೆ ಹೊಲದ ದಾರಿ ಬಿಟ್ಟು ಡಾಂಬರಿಗೆ ಬರಬೇಡಿ. ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಕಡೆ ತಿರುಗುತ್ತದೆ, ಹಿಂದಿನ ಟ್ರೇಲರ್ ನೆಟ್ಟಗೆ ನುಗ್ಗಿ ಪಲ್ಟಿ ಹೊಡೆಸುತ್ತದೆ. ವೇಗ 20ರಿಂದ 40ಕ್ಕೆ ಏರಿದರೆ ನಿಲ್ಲಿಸಲು ಬೇಕಾದ ಶಕ್ತಿ ಎರಡಲ್ಲ, ನಾಲ್ಕು ಪಟ್ಟು. ಗಜೇಂದ್ರಗಡದ ಕಡೆ ಗುಡ್ಡ ಇಳಿಯುವಾಗ ಮೇಲೆ ಇದ್ದಾಗಲೇ ಕೆಳಗಿನ ಗೇರಿಗೆ ಹಾಕಿ, ಕ್ಲಚ್ ಒತ್ತಿ ಉರುಳಿಬಿಡಬೇಡಿ.

ಡ್ರಾಬಾರ್ ಪಿನ್ನಿಗೆ ಕೆಳಗೆ ಲಾಕ್ ಕ್ಲಿಪ್ ಇದೆಯೇ? ಪಿನ್ ಕಳೆದುಹೋಗಿ ಯಾವುದೋ ಸರಳು ಸಿಕ್ಕಿಸಿದ ಟ್ರೇಲರ್ ನಮ್ಮ ಊರಲ್ಲೇ ಬೇಕಾದಷ್ಟು ನೋಡಿದ್ದೇನೆ. ಜತೆಗೆ ಒಂದು ಚೈನ್ ಕೂಡ ಹಾಕಿರಲಿ. ಟ್ರೇಲರಿನ ಟೈರ್ ಗಾಳಿ, ಹಿಂದಿನ ಕೆಂಪು ರಿಫ್ಲೆಕ್ಟರ್, ಇವನ್ನೂ ನೋಡಿ. ಕತ್ತಲಾದ ಮೇಲೆ ಹೊರಡಬೇಡಿ.

ಯಂತ್ರದ ಪಕ್ಕ ಟ್ರೇಲರಿನಲ್ಲಿ ಯಾರನ್ನೂ ಕೂರಿಸಬೇಡಿ, "ಹಿಡಕೊಂಡು ಕೂಡ್ತೀನಿ" ಅನ್ನುವ ಗೆಳೆಯನನ್ನಂತೂ ಮೊದಲು ಇಳಿಸಿ. ಎರಡು ಟನ್ನನ್ನು ಯಾರೂ ಹಿಡಿಯಲಾರರು. ಸರಕು ಸಾಗಿಸುವ ಗಾಡಿಯಲ್ಲಿ ಕೂತು ಬಂದವರಿಗೆ ಏನಾದರೂ ಆದರೆ ವಿಮೆ ಹಣ ಸಿಗುವುದೂ ಕಷ್ಟ.

ಹೊರಟು ನಾಲ್ಕೈದು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ನಾಲ್ಕೂ ಬೆಲ್ಟ್ ಕೈಯಿಂದ ಜಗ್ಗಿ ನೋಡಿ. ಮೊದಲ ಕುಲುಕಾಟದಲ್ಲಿ ಟೈರು ಕೂರುತ್ತದೆ, ಬೆಲ್ಟ್ ಸಡಿಲಾಗಿಯೇ ಇರುತ್ತದೆ. ಮತ್ತೆ ಬಿಗಿದು ಮುಂದೆ ಹೋಗಿ. ಚಹಾಕ್ಕೆ ನಿಂತಾಗಲೆಲ್ಲ ಒಂದು ಸುತ್ತು ಹಾಕಿ. ನಾನು ಹೊರಡುವ ಮುಂಚೆ ನಾಲ್ಕೂ ಮೂಲೆಯ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳುತ್ತೇನೆ. ನಿಂತಾಗ ಫೋಟೊಕ್ಕೂ ಎದುರಿಗಿರುವುದಕ್ಕೂ ಹೋಲಿಸಿದರೆ ಗಾಲಿ ಒಂದು ಬೆರಳು ಸರಿದಿದ್ದರೂ ಗೊತ್ತಾಗುತ್ತದೆ.

ಇಳಿಸುವಾಗ ಅವಸರ ಬೇಡ. ಸಮ ನೆಲದಲ್ಲಿ ನಿಲ್ಲಿಸಿ, ಹಿಂದೆ ಆನಿಕೆ ಕೊಟ್ಟು, ಬೆಣೆ ಇದ್ದಲ್ಲೇ ಇರಲಿ, ಆಮೇಲೆ ಒಂದೊಂದೇ ಬೆಲ್ಟ್ ಬಿಚ್ಚಿ. ಬಿಗಿದ ರ‍್ಯಾಚೆಟ್ ಹಿಡಿಕೆ ಬಿಡುವಾಗ ಪಟ್ಟನೆ ಎಗರುತ್ತದೆ, ಮುಖ ದೂರ ಇಡಿ. ಹಳೇ ಎಂಜಿನ್ ದಾರಿಯುದ್ದಕ್ಕೂ ಆಯಿಲ್ ಸೋರಿಸಿರುತ್ತದೆ. ಅದೇ ಟ್ರೇಲರಿನಲ್ಲಿ ನಾಳೆ ಎರೆಗೊಬ್ಬರವನ್ನೋ ಸಾವಯವ ಮೆಣಸಿನಕಾಯಿಯನ್ನೋ ಹೇರುವವರು ಮೊದಲು ಕಟ್ಟಿಗೆ ಹೊಟ್ಟು ಉದುರಿಸಿ ಆಯಿಲ್ ಹೀರಿಸಿ, ಆ ಹೊಟ್ಟನ್ನು ತಿಪ್ಪೆಗೆ ಹಾಕದೆ ಬೇರೆಯೇ ತೆಗೆದಿಟ್ಟು, ಆಮೇಲೆ ಸೋಪು ನೀರಿನಲ್ಲಿ ತಳ ತೊಳೆಯಿರಿ.